ಜೊಲ್ಲಿಗೆ ಹಾಲು ಬೆರೆಸಿದವರು ಯಾರು?

ಒದ್ದೆ ಹೊದಿಕೆಯ ಒಂದು ತುದಿ ತಂತಿಯ ಮೇಲಿತ್ತು, ಇನ್ನೊಂದು ನನ್ನ ಕೈಯಲ್ಲಿ. ಒಳಗಿನಿಂದ ಮಗಳು ಕರೆದಳು.

"ಅಮ್ಮ, ಸ್ವಲ್ಪ ಬಾ. ಜೊಲ್ಲಿನೊಳಗೆ ಹಾಲು ಸೇರಿದೆ."

ಹೊದಿಕೆಯನ್ನು ಹೇಗೋ ತಂತಿಗೆ ಎಸೆದು ಒಳಗೆ ಹೋದೆ. ಊಟದ ಮೇಜಿನ ಮೇಲೆ ಅವಳ ಕಂಪ್ಯೂಟರ್. ಪಕ್ಕದಲ್ಲಿ ಕೆನೆಗಟ್ಟಿದ ಚಹಾ.

ಅವಳ ಕೆಲಸವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಮ್ಮ ಜೀವಕೋಶಗಳು ಕಣ್ಣಿಗೆ ಕಾಣದ ಪುಟ್ಟ ಚೀಲಗಳನ್ನು ಹೊರಗೆ ಬಿಡುತ್ತಲೇ ಇರುತ್ತವೆ. ಎಕ್ಸೋಸೋಮ್ ಎಂದು ಹೆಸರು. ರಕ್ತ, ಮೂತ್ರ, ಜೊಲ್ಲು, ಎದೆಹಾಲು—ಎಲ್ಲದರಲ್ಲೂ ಅವು ತೇಲುತ್ತವೆ. ಯಾವ ಚೀಲದಲ್ಲಿ ಯಾವ ಪ್ರೋಟೀನ್ ಸಿಕ್ಕಿತೆಂದು ವಿಜ್ಞಾನಿಗಳು ಡೇಟಾಬೇಸ್‌ಗಳಿಗೆ ತುಂಬುತ್ತಾರೆ. ಅವನ್ನೆಲ್ಲ ಜಾಲಾಡಿ, ಒಂದೊಂದು ದ್ರವಕ್ಕೂ ಒಂದು ಪಟ್ಟಿ ಮಾಡುವುದು ಇವಳ ತಂಡದ ಕೆಲಸ. ನಾಳೆ ರೋಗ ಹುಡುಕುವ ವೈದ್ಯರು ಆ ಪಟ್ಟಿಯನ್ನೇ ನಂಬುತ್ತಾರೆ.

"ಜೊಲ್ಲಿನ ಪಟ್ಟೀಲಿ ಕೇಸೀನ್ ಇದೆ. ಅದು ಹಾಲಿನ ಪ್ರೋಟೀನು. ಗುಂಡನೇ ಜೊಲ್ಲಿನ ಪಟ್ಟಿ, ಎದೆಹಾಲಿನ ಪಟ್ಟಿ ಎರಡನ್ನೂ ಕಲಸಿಹಾಕಿದಾನೆ ಅಂತ ನಮ್ಮ ತಂಡದ ಸರ್ ಬರೆದಿದಾರೆ. ಇವತ್ತಿನ ಮೀಟಿಂಗಲ್ಲಿ ಅವನನ್ನ ತಂಡದಿಂದ ತೆಗೀತಾರಂತೆ."

ಗುಂಡ ಅವಳ ಜೊತೆಗಾರ. ಕಡ್ಡಿಯಂತಿದ್ದಾನೆ, ಹೆಸರು ಮಾತ್ರ ಹಾಗೆ. ಫೋನು ಹಚ್ಚಿ ಮೇಜಿನ ಮೇಲಿಟ್ಟಳು.

"ಕಲಸಿದ್ಯೇನೋ?"

"ನಂಗೇ ಗೊತ್ತಿಲ್ಲ ಕಣೇ. ಎರಡು ಫೈಲೂ ಒಟ್ಟಿಗೆ ತೆರೆದಿದ್ದೆ. ನಾನೇ ಇರಬೇಕು."

"ಇರಬೇಕು ಅಂದ್ರೆ? ಮಾಡಿದ್ಯೋ, ಇಲ್ವೋ?"

"ಪೊಲೀಸರ ಥರ ಕೇಳಬೇಡ್ವೇ. ಒಪ್ಕೊಂಡು ಕೈ ತೊಳ್ಕೊಂಡ್ಬಿಡ್ತೀನಿ."

"ಬಾಯಿ ಮುಚ್ಕೊಂಡಿರು. ನಾನು ಹೇಳೋವರೆಗೂ ಏನೂ ಒಪ್ಕೋಬೇಡ."

ಅವಳು ಫೋನು ಇಟ್ಟಮೇಲೆ ನಾನು ಕೇಳಿದೆ: "ಯಾರೋ ಹಾಲು ಕುಡಿದು ಬಾಯಿ ತೊಳೀದೆ ಜೊಲ್ಲು ಕೊಟ್ಟಿರಬಹುದಲ್ವಾ?"

"ಹಾಗಿದ್ರೆ ಹಸುವಿನ ಕೇಸೀನ್ ಸಿಗ್ತಿತ್ತು. ಇದು ಮನುಷ್ಯರದ್ದು."

ನಾನು ಪಾತ್ರೆಗಳ ಕಡೆ ಹೋದೆ. ಕಿವಿಯನ್ನು ಮೇಜಿನ ಹತ್ತಿರವೇ ಬಿಟ್ಟಿದ್ದೆ. ಅವಳು ಪಟ್ಟಿಯನ್ನು ಬಿಡಿಸಿ, ಯಾವ ಪ್ರೋಟೀನ್ ಯಾರ ಅಧ್ಯಯನದಿಂದ ಬಂತೆಂದು ಬೇರೆಬೇರೆ ಮಾಡುತ್ತಿದ್ದಳು. ಆಮೇಲೆ ಬೆರಳು ನಿಂತಿತು.

"ಅಮ್ಮ, ಎಲ್ಲರೂ ಬಂದು ಸೇರಿರೋದನ್ನ ನೋಡ್ತಿದಾರೆ. ಕಾಣೆಯಾಗಿರೋದನ್ನ ಯಾರೂ ನೋಡಿಲ್ಲ."

"ಏನು ಕಾಣೆಯಾಗಿದೆ?"

"ಅಮೈಲೇಸ್. ಪಿಷ್ಟ ಅರಗಿಸೋ ಪ್ರೋಟೀನು. ದೊಡ್ಡವರ ಜೊಲ್ಲಲ್ಲಿ ಧಾರಾಳವಾಗಿರುತ್ತೆ. ಹಾಲು ಬಂದಿರೋದು ಒಂದೇ ಒಂದು ಅಧ್ಯಯನದಿಂದ—ಅಮೈಲೇಸ್ ಇಲ್ಲದಿರೋದೂ ಅದರಲ್ಲೇ. ಗುಂಡ ಕಲಸಿದ್ರೆ ಹಾಲು ಸೇರ್ತಿತ್ತು, ಸರಿ. ಅಮೈಲೇಸ್ ಯಾಕೆ ಹೋಗುತ್ತೆ?"

"ಹಾಗಾದ್ರೆ ಅದು ಯಾರ ಜೊಲ್ಲು?"

"ಎದೆಹಾಲು ಕುಡಿಯೋ ಕೂಸುಗಳದ್ದು. ಹುಟ್ಟಿದ ಹೊಸದರಲ್ಲಿ ಅವುಗಳಿಗೆ ಅಮೈಲೇಸ್ ತುಂಬ ಕಮ್ಮಿ. ಹಾಲು ಬಾಯಲ್ಲೇ ಇತ್ತು. ಡೇಟಾಬೇಸ್‌ನಲ್ಲಿ ವಯಸ್ಸು ಹಾಕದೆ ಬರೀ ‘ಮನುಷ್ಯ’ ಅಂತ ಬರೆದು ಬಿಟ್ಟಿದಾರೆ."

ನನಗೆ ನಗು ಬಂತು. ಇವಳ ಜೊಲ್ಲು ಒರೆಸಲು ಹೆಗಲ ಮೇಲೊಂದು ಬಟ್ಟೆ ಹಾಕಿಕೊಂಡೇ ಮನೆಯೆಲ್ಲ ಓಡಾಡಿದವಳು ನಾನು. ಅವಳು ನಗಲಿಲ್ಲ.

"ಬರೆದವರು ಯಾರು ಪುಟ್ಟ?"

"ಸರ್. ಆ ಅಧ್ಯಯನ ಅವರದ್ದೇ."

ಶಾಲೆಯಲ್ಲಿ ಇವಳು ಒಂದು ದಿನವೂ ಕೈ ಎತ್ತಿದವಳಲ್ಲ. ಪ್ರಶ್ನೆಗಳನ್ನೆಲ್ಲ ಬಾಯೊಳಗೇ ಇಟ್ಟುಕೊಂಡು ಮನೆಗೆ ತಂದು, ನನ್ನ ಹತ್ತಿರ ಕೇಳುತ್ತಿದ್ದಳು. ಇವತ್ತಿನದನ್ನು ನನ್ನ ಹತ್ತಿರ ಕೇಳಿ ಪ್ರಯೋಜನವಿರಲಿಲ್ಲ.

"ನೀನಿಲ್ಲೇ ಇರು," ಅಂದಳು. ಸೋಪಿನ ಕೈಯಲ್ಲೇ, ಕ್ಯಾಮೆರಾಕ್ಕೆ ಕಾಣದಂತೆ ಗೋಡೆಗೊರಗಿ ನಿಂತೆ.

ಮೀಟಿಂಗ್ ಶುರುವಾಗಿ ಕಂಪ್ಯೂಟರ್ ತೆರೆಯ ಮೇಲೆ ಮುಖಗಳು ಮೂಡಿದವು. ಸರ್ ಗಂಟಲು ಸರಿಮಾಡಿಕೊಂಡರು. ಗುಂಡ ತಲೆ ತಗ್ಗಿಸಿ, "ತಪ್ಪು ನಂದೇ ಸರ್—" ಎಂದು ಶುರುಮಾಡಿಯೇಬಿಟ್ಟ.

ನನ್ನ ಮಗಳು ಕೈ ಎತ್ತಿದಳು.

"ಅವನದಲ್ಲ ಸರ್. ನಾನೊಂದು ಕೇಳಲಾ? ನಿಮ್ಮ ಅಧ್ಯಯನದಲ್ಲಿ ಜೊಲ್ಲು ಕೊಟ್ಟವರ ವಯಸ್ಸು ಎಷ್ಟಿತ್ತು?"