ಅವಳಿಗೆ ಮಾತ್ರ ಕೇಳುತ್ತಿದ್ದ ಗಿಟಾರ್

ಯಾರೋ ಹಿಂದಿನಿಂದ ಬಂದು ಅವಳ ಹೆಡ್‌ಫೋನ್ ಕಿತ್ತು ಎಳೆದರು.

ಬೆಚ್ಚಿಬಿದ್ದು ತಿರುಗಿದಳು. ಎಣ್ಣೆ ಕಲೆಯ ನೀಲಿ ಅಂಗಿ ತೊಟ್ಟ ಗಂಡಸೊಬ್ಬ ಏದುಸಿರು ಬಿಡುತ್ತ ನಿಂತಿದ್ದ.

"ಕಿವಿ ಕೇಳಲ್ವೇನ್ರೀ ನಿಮಗೆ?"

ಬಾಯಿ ತೆರೆಯುವಷ್ಟರಲ್ಲಿ ಅವಳಿಗೂ ಕೇಳಿಸಿತು. ಇಡೀ ಕಟ್ಟಡದಲ್ಲಿ ಬೆಂಕಿಯ ಗಂಟೆ ಹೊಡೆದುಕೊಳ್ಳುತ್ತಿತ್ತು. ಸುಟ್ಟ ವೈರಿನ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು...

"ಏಳಿ, ಬೇಗ. ಎಲ್ಲರೂ ಇಳಿದಾಯ್ತು. ನೀವೊಬ್ಬರೇ ಉಳಿದಿರೋದು."

ಅವನು ಅವಳ ಮಣಿಕಟ್ಟು ಹಿಡಿದ. ಅವಳು ಇನ್ನೊಂದು ಕೈಯಲ್ಲಿ ಗಿಟಾರ್ ಅವಚಿಕೊಂಡಳು. ಏಳು ಮಹಡಿ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ನಾಲ್ಕನೇ ಮಹಡಿಯ ಹೊಗೆಯಲ್ಲಿ ಕಣ್ಣು ಉರಿದು ಏನೂ ಕಾಣದಾದಾಗ, ಆ ಕೈ ಮಾತ್ರ ಬಿಗಿಯಾಗಿತ್ತು.

ಬೀದಿಗೆ ಬಂದ ಮೇಲೆ ಅವನು ಕೈ ಬಿಟ್ಟ.

"ಹತ್ತು ನಿಮಿಷದಿಂದ ಗಂಟೆ ಹೊಡೀತಿದೆ. ಅಂಥ ಏನು ಹಾಡು ಕೇಳ್ತಿದ್ರಿ?"

"ಕೇಳ್ತಿರಲಿಲ್ಲ. ನುಡಿಸ್ತಿದ್ದೆ."

"ಶಬ್ದವೇ ಬರಲಿಲ್ಲವಲ್ಲ."

ಅವಳು ಗಿಟಾರಿಗೆ ಸಿಕ್ಕಿಸಿದ್ದ ಪುಟ್ಟ ಡಬ್ಬಿ ತೋರಿಸಿದಳು. ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು. "ಇದು ಆಂಪ್ಲಿಫೈಯರ್. ಶಬ್ದವೆಲ್ಲ ಹೆಡ್‌ಫೋನಿಗೇ ಹೋಗುತ್ತೆ. ಹೊರಗಿನವರಿಗೆ ತಂತಿ ಮೀಟೋ ಟಿಕ್ ಟಿಕ್ ಬಿಟ್ಟು ಏನೂ ಕೇಳಲ್ಲ."

ಅವನು ಡಬ್ಬಿಯನ್ನೂ ಅವಳನ್ನೂ ನೋಡಿದ.

"ಈ ಡಬ್ಬಿಗೋಸ್ಕರ ಇವತ್ತು ಹೋಗಿಬಿಡ್ತಿದ್ರಲ್ಲ," ಅಂದವನೇ ತಿರುಗಿ ನಡೆದ.

*

ಅವನು ಲಿಫ್ಟ್ ಮೆಕ್ಯಾನಿಕ್. ಆ ಹಳೆ ಕಟ್ಟಡದ ಲಿಫ್ಟಿನ ಹಗ್ಗ, ಮೋಟಾರು ಎಲ್ಲ ಬದಲಿಸಲು ಬಂದವರಲ್ಲಿ ಒಬ್ಬ. ಕೆಲಸ ಎರಡು ತಿಂಗಳಿನದು.

ಅವಳು ಆರನೇ ಮಹಡಿಯ ಲ್ಯಾಬಿನಲ್ಲಿ ಕಟ್ಟು ಹಲ್ಲು ಮಾಡುವವಳು. ಬೆಳಿಗ್ಗೆಯಿಂದ ಸಂಜೆವರೆಗೆ ಪ್ಲಾಸ್ಟರ್ ಅಚ್ಚು, ಮೇಣ, ಹಲ್ಲಿಗೆ ನಯ ಕೊಡುವ ಮಷೀನಿನ ಕೀರಲು. ಮಧ್ಯಾಹ್ನ ಊಟದ ಮುಕ್ಕಾಲು ಗಂಟೆ ಮಾತ್ರ ಅವಳದು. ಆಗ ತಾರಸಿಗೆ ಹೋಗುವ ಕೊನೆಯ ಮೆಟ್ಟಿಲ ಮೇಲೆ ಕೂತು ನುಡಿಸುತ್ತಿದ್ದಳು.

ಮನೆಯಲ್ಲಿ ಯಾಕೆ ನುಡಿಸುತ್ತಿರಲಿಲ್ಲ?

ಮೂರು ವರ್ಷದ ಹಿಂದೆ, ಅಮ್ಮ, ಅಕ್ಕ, ಭಾವ ಎಲ್ಲ ಕೂತಿದ್ದಾಗ ದೊಡ್ಡ ಸ್ಪೀಕರಿಗೆ ಹಾಕಿ ಒಮ್ಮೆ ನುಡಿಸಿದ್ದಳು. "ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕ ಹಾಗಿದೆ ಕಣೇ," ಅಂದಿದ್ದ ಭಾವ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳೂ ನಕ್ಕಿದ್ದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿದ್ದಳು.

ಆ ವಾರವೇ ಸ್ಪೀಕರ್ ಯಾರಿಗೋ ಕೊಟ್ಟು ಈ ಪುಟ್ಟ ಡಬ್ಬಿ ತಂದಳು. ಅಂದಿನಿಂದ ಅವಳ ಗಿಟಾರ್ ಅವಳೊಬ್ಬಳಿಗೇ ಕೇಳುತ್ತಿತ್ತು.

ಸುಟ್ಟದ್ದು ನಾಲ್ಕನೇ ಮಹಡಿಯ ವೈರ್ ಮಾತ್ರ, ಬೆಂಕಿ ಬೇಗ ಆರಿತ್ತು. ಮರುದಿನ ಮೆಕ್ಯಾನಿಕ್ ತನ್ನ ಊಟದ ಡಬ್ಬಿ ಹಿಡಿದು ಬಂದು ನಾಲ್ಕು ಮೆಟ್ಟಿಲು ಕೆಳಗೆ ಕೂತ.

"ನೀವು ನುಡಿಸಿ ಮೇಡಂ. ಗಂಟೆ ಹೊಡೆದ್ರೆ ನಾನು ಹೇಳ್ತೀನಿ."

ಅವಳಿಗೆ ನಗು ಬಂತು. ಬೇಡ ಅನ್ನಲಾಗಲಿಲ್ಲ.

ನಾಲ್ಕು ಮೆಟ್ಟಿಲು ಮೂರಾಯಿತು, ಎರಡಾಯಿತು. ಹದಿನೈದು ದಿನದಲ್ಲಿ ಇಬ್ಬರೂ ಒಂದೇ ಮೆಟ್ಟಿಲಿಗೆ ಬಂದಿದ್ದರು. ಅವನು ಯಾವಾಗಲೂ ಅವಳ ಎಡಕ್ಕೇ ಕೂರುತ್ತಿದ್ದ. ಅವಳಿಗೆ ಅದು ವಿಶೇಷ ಅನ್ನಿಸಿರಲಿಲ್ಲ.

"ಕೆಳಗೆ ಬೋರ್ಡ್ ನೋಡಿದ್ರಾ?" ಒಂದು ದಿನ ಕೇಳಿದ. "ನಾಟಕದ ತಂಡಕ್ಕೆ ಗಿಟಾರ್ ನುಡಿಸೋರು ಬೇಕಂತೆ."

"ನೋಡಿದೆ. ದಿನಾ ನೋಡ್ತೀನಿ."

"ಹೋಗಿ ಮತ್ತೆ."

"ಮೂರು ವರ್ಷದಿಂದ ಒಬ್ಬರ ಮುಂದೂ ನುಡಿಸಿಲ್ಲ. ಹೇಗೆ ಹೋಗ್ಲಿ?"

ಅವನು ಊಟದ ಡಬ್ಬಿ ಮುಚ್ಚಿದ.

*

ಮರುದಿನ ಅವಳು ಹೆಡ್‌ಫೋನ್ ಬಿಟ್ಟು, ಕಿವಿಯೊಳಗೆ ಇಡುವ ಎರಡು ತುದಿಯ ಇಯರ್‌ಫೋನ್ ತಂದಳು. ಕೇಳಿಸಲಾ? ನಕ್ಕುಬಿಟ್ಟರೆ?

ಅವತ್ತು ಅವನು ಮೊದಲೇ ಬಂದು ಗೋಡೆಯ ಪಕ್ಕ ಕೂತಿದ್ದ. ಜಾಗ ಇದ್ದದ್ದು ಅವನ ಎಡಕ್ಕೆ ಮಾತ್ರ. ಅವಳು ಅಲ್ಲೇ ಕೂತಳು. ಒಂದು ತುದಿ ತನ್ನ ಕಿವಿಗೆ ಇಟ್ಟುಕೊಂಡು, ಇನ್ನೊಂದನ್ನು ತಾನೇ ಅವನ ಕಿವಿಗೆ ಇಟ್ಟಳು. ಬೆರಳು ಅವನ ಕೆನ್ನೆಗೆ ತಾಕಿತು. ಅವನು ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದ.

"ನಗಬಾರದು," ಅಂದಳು.

"ನಗಲ್ಲ."

ಅವಳು ತನ್ನದೇ ಒಂದು ರಾಗ ನುಡಿಸಿದಳು. ಅವನು ಅವಳ ಬೆರಳನ್ನೇ ನೋಡುತ್ತ ಮೆಲ್ಲಗೆ ತಲೆದೂಗುತ್ತಿದ್ದ. ಕೊನೆಗೂ ಒಬ್ಬರು ಕೇಳುತ್ತಿದ್ದಾರೆ...

ಅಷ್ಟರಲ್ಲಿ ಅವಳ ಕಿವಿ ಖಾಲಿಯಾಯಿತು. ಡಬ್ಬಿಯ ದೀಪ ಆರಿತ್ತು. ಚಾರ್ಜ್ ಮುಗಿದಿತ್ತು.

ಬೆರಳು ಅಭ್ಯಾಸಬಲದಿಂದ ಓಡುತ್ತಲೇ ಇತ್ತು. ಅವಳು ಓರೆಗಣ್ಣಿನಿಂದ ನೋಡಿದಳು. ಅವನು ಇನ್ನೂ ತಲೆದೂಗುತ್ತಿದ್ದ!

ಅವಳು ನಿಲ್ಲಿಸಿದಳು.

"ತುಂಬಾ ಚೆನ್ನಾಗಿತ್ತು," ಅಂದ ಅವನು.

ಅವಳು ಡಬ್ಬಿ ಎತ್ತಿ ಅವನ ಮುಂದೆ ಹಿಡಿದಳು. "ಇದು ಆಫ್ ಆಗಿ ಎಷ್ಟೊತ್ತಾಯ್ತು ಗೊತ್ತಾ?"

ಅವನ ಮುಖ ಬಿಳುಚಿಕೊಂಡಿತು.

"ಏನು ಕೇಳಿಸ್ತು ನಿಮಗೆ? ಹೇಳಿ."

ಅವನು ಕಿವಿಯಲ್ಲಿದ್ದ ತುದಿ ಮುಟ್ಟಿಕೊಂಡ.

"ಸುಳ್ಳು ಹೇಳಿದ್ರಿ ಅಲ್ವಾ?"

"ಹೌದು," ಅಂದ ತಗ್ಗಿದ ದನಿಯಲ್ಲಿ.

ಭಾವನಾದರೂ ಮುಖಕ್ಕೆ ಹೊಡೆದ ಹಾಗೆ ನಕ್ಕಿದ್ದ. ಇವನು ಕೇಳುವ ನಾಟಕ ಆಡಿದ. ಅದು ಇನ್ನೂ ಕೆಟ್ಟದ್ದು. ಅವಳು ಇಯರ್‌ಫೋನ್ ಎಳೆದುಕೊಂಡು, ಗಿಟಾರ್ ಎತ್ತಿಕೊಂಡು ಕೆಳಗಿಳಿದಳು. ಅವನು ಕರೆಯಲಿಲ್ಲ.

*

ಹತ್ತು ದಿನ ಅವಳು ಪ್ಲಾಸ್ಟರ್ ಚೀಲಗಳ ಕೋಣೆಯಲ್ಲಿ ಕೂತು ನುಡಿಸಿದಳು. ಕೈ ಓಡಲಿಲ್ಲ. ಮೆಟ್ಟಿಲಲ್ಲಿ ಎದುರಾದಾಗ ಅವನು ನಿಲ್ಲುತ್ತಿದ್ದ, ಅವಳು ಗೋಡೆ ನೋಡುತ್ತ ಹೋಗುತ್ತಿದ್ದಳು.

ಹನ್ನೊಂದನೇ ದಿನ ಅಚ್ಚಿನ ಟ್ರೇ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಐದನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಲಿಫ್ಟಿನ ಚಾವಣಿ ನೆಲದ ಮಟ್ಟಕ್ಕೆ ನಿಂತಿತ್ತು. ಅದರ ಮೇಲೆ ಅವನು ಬಗ್ಗಿ ಏನೋ ಬಿಗಿಯುತ್ತಿದ್ದ. ಮೇಲಿನ ಮಹಡಿಯಲ್ಲಿ ಅವನ ಮೇಸ್ತ್ರಿ ಕಬ್ಬಿಣದ ಚಕ್ರವೊಂದನ್ನು ಸರಪಳಿಗೆ ಕಟ್ಟಿ ಇಳಿಸುತ್ತಿದ್ದರು.

"ಜಾರ್ತಾ ಇದೆ! ಹೊರಗೆ ಬಾ!" ಮೇಸ್ತ್ರಿ ಕೂಗಿದರು.

ಅವನು ಕೆಳಕ್ಕೆ ಬಗ್ಗಿ ನೋಡಿದ. "ಏನು ಮೇಸ್ತ್ರಿ?" ಅಂದ, ಕೆಳಗಿನ ಕತ್ತಲಿಗೆ.

ಕೂಗು ಬಂದದ್ದು ಮೇಲಿನಿಂದ. ಅವನು ಹುಡುಕುತ್ತಿದ್ದದ್ದು ಕೆಳಗೆ...

ಟ್ರೇ ಕೈಯಿಂದ ಬಿತ್ತು. ಅವಳು ಅವನ ಸೊಂಟದ ಬೆಲ್ಟಿಗೆ ಕೈ ಹಾಕಿ ಇದ್ದಬದ್ದ ಬಲವೆಲ್ಲ ಸೇರಿಸಿ ಎಳೆದಳು. ಇಬ್ಬರೂ ಪ್ಲಾಸ್ಟರ್ ಚೂರುಗಳ ಮೇಲೆ ಬಿದ್ದರು. ಆ ಕ್ಷಣವೇ, ಅವನಿದ್ದ ಜಾಗಕ್ಕೆ ಚಕ್ರ ಅಪ್ಪಳಿಸಿತು. ಕಟ್ಟಡವೇ ಅದುರಿತು.

ಮೇಸ್ತ್ರಿ ಓಡಿ ಬಂದರು. "ಅಷ್ಟು ಕೂಗಿದೆನಲ್ಲೋ, ಕೇಳಲಿಲ್ವಾ?"

"ಮಷೀನ್ ಸದ್ದಲ್ಲಿ ಗೊತ್ತಾಗ್ಲಿಲ್ಲ ಮೇಸ್ತ್ರಿ."

ಯಾವ ಮಷೀನೂ ಓಡುತ್ತಿರಲಿಲ್ಲ. ಮೇಸ್ತ್ರಿ ಗಾಬರಿಯಲ್ಲಿ ಅದನ್ನು ಗಮನಿಸಲಿಲ್ಲ. ಅವಳು ಗಮನಿಸಿದಳು. ತನ್ನ ಬೆರಳು ತಾಕಿದ ಆ ಎಡಗೆನ್ನೆ ನೆನಪಾಯಿತು. ತೆರೆದು ಮುಚ್ಚಿದ ಆ ಬಾಯಿ ನೆನಪಾಯಿತು.

ಮೇಸ್ತ್ರಿ ಅತ್ತ ಹೋದ ಮೇಲೆ ಅವನನ್ನು ಮೆಟ್ಟಿಲಿಗೆ ಕರೆದು ಕೇಳಿದಳು. "ಎಡಗಿವಿ ಕೇಳಲ್ಲ ಅಲ್ವಾ?"

ಅವನು ಅಂಗೈಯ ಪ್ಲಾಸ್ಟರ್ ಪುಡಿ ಕೊಡವಿಕೊಂಡ. "ಹೋದ ವರ್ಷ ಜ್ವರ ಬಂತು. ಜ್ವರ ಇಳೀತು, ಕಿವಿ ವಾಪಸ್ ಬರಲಿಲ್ಲ. ಒಂದೇ ಕಿವಿ ಇದ್ರೆ ಶಬ್ದ ಯಾವ ಕಡೆಯಿಂದ ಬರುತ್ತೆ ಅಂತ ಗೊತ್ತಾಗಲ್ಲ."

"ಯಾರಿಗೆ ಹೇಳಿದೀರಿ?"

"ಯಾರಿಗೂ ಇಲ್ಲ. ಹೇಳಿದ್ರೆ ಮತ್ತೆ ಲಿಫ್ಟ್ ಓಡೋ ಶಾಫ್ಟಿಗೆ ಇಳಿಸಲ್ಲ. ಹನ್ನೆರಡು ವರ್ಷದಿಂದ ನಾನು ಕಲಿತಿರೋದು ಇದೊಂದೇ." ಅವನು ತಲೆ ಎತ್ತಿದ. "ದಯವಿಟ್ಟು ಹೇಳ್ಬೇಡಿ."

ಅವಳಿಗೆ ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು.

"ನಾಳೆ ಬೆಳಿಗ್ಗೆ ಕೆಲಸ ಶುರುವಾಗೋಕೆ ಮುಂಚೆ ನೀವೇ ಹೇಳಿ. ಇಲ್ಲದಿದ್ರೆ ನಾನು ಹೇಳ್ತೀನಿ."

"ನೀವು ಮೂರು ವರ್ಷ ಬಚ್ಚಿಟ್ಕೊಂಡು ನುಡಿಸಬಹುದು. ನಾನು ಬಚ್ಚಿಟ್ರೆ ಮಾತ್ರ ತಪ್ಪಾ?"

"ನನ್ನ ಗುಟ್ಟಿಂದ ಯಾರ ತಲೆ ಮೇಲೂ ಕಬ್ಬಿಣ ಬೀಳಲ್ಲ."

ಅವನು ಎದ್ದು ಹೋದ.

ಮರುದಿನ ಬೆಳಿಗ್ಗೆ ಬಂದಾಗ ಅವನು ಬೆಲ್ಟ್ ಬಿಗಿದುಕೊಂಡು ಶಾಫ್ಟಿನ ಬಾಗಿಲಲ್ಲಿ ನಿಂತಿದ್ದ. ಹೇಳಿಲ್ಲ ಅನ್ನುವುದು ಅವನ ಕಣ್ಣಲ್ಲೇ ಇತ್ತು. ಅವಳು ನೇರವಾಗಿ ಮೇಸ್ತ್ರಿಯ ಹತ್ತಿರ ಹೋದಳು.

ಹತ್ತು ನಿಮಿಷದ ಮೇಲೆ ಅವನು ಬೆಲ್ಟ್ ಬಿಚ್ಚಿ ಕೆಳಗಿಟ್ಟ. ಅವಳ ಪಕ್ಕದಲ್ಲೇ ಹಾದು ಹೋದ. ಒಮ್ಮೆಯೂ ತಿರುಗಿ ನೋಡಲಿಲ್ಲ.

*

ಆ ವಾರ ಅವಳಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. "ಪುಟ್ಟಿ, ಯಾರ ಮೇಲೆ ಮುನಿಸು?" ಅಮ್ಮ ಕೇಳಿದಳು. ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಅವನ ಗುಟ್ಟನ್ನು ನಾನು ಬಯಲಿಗೆ ಎಳೆದೆ. ನನ್ನದನ್ನು ಮಾತ್ರ ಜೇಬಿನ ಡಬ್ಬಿಯಲ್ಲಿ ಇಟ್ಟುಕೊಂಡು ಓಡಾಡ್ತಿದೀನಲ್ಲ... ಯಾವ ನ್ಯಾಯ ಇದು?

ಭಾನುವಾರ ಬೆಳಿಗ್ಗೆ ಅವಳು ನಾಟಕದ ತಂಡದವರ ಹತ್ತಿರ ಹೋದಳು. ಅಲ್ಲಿದ್ದ ದೊಡ್ಡ ಸ್ಪೀಕರಿಗೆ ಗಿಟಾರ್ ಸಿಕ್ಕಿಸಿದಾಗ ಮೊದಲ ಸ್ವರಕ್ಕೇ ಅವಳೇ ಬೆದರಿದಳು. ಆದರೂ ಕೊನೆವರೆಗೆ ನುಡಿಸಿದಳು. ಯಾರೂ ನಗಲಿಲ್ಲ. ತಂಡ ನಡೆಸುವ ಹೆಂಗಸು, "ಬುಧವಾರದಿಂದ ಅಭ್ಯಾಸಕ್ಕೆ ಬಾಮ್ಮ," ಅಂದರು.

ಹೊರಗೆ ಬಂದ ತಕ್ಷಣ ಹೇಳಬೇಕು ಅನ್ನಿಸಿದ್ದು ಒಬ್ಬರಿಗೇ. ಅವನೇ ಇರಲಿಲ್ಲ.

ಲಿಫ್ಟ್ ಓಡಲು ಶುರುವಾದ ವಾರ, ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತಿದ್ದಳು. ಎದುರಿಗೆ ಯಾರೋ ಬಂದು ನಿಂತರು. ಅವನೇ. ಅಂಗಿಯಲ್ಲಿ ಎಣ್ಣೆ ಕಲೆ ಇರಲಿಲ್ಲ.

"ಇಪ್ಪತ್ತು ದಿನ ನಿಮ್ಮ ಮೇಲೆ ಕೆಂಡದಂಥ ಕೋಪ ಇತ್ತು," ಅಂದ.

"ಈಗ?"

"ನಿನ್ನೆ ಮೇಸ್ತ್ರಿ ಹೇಳಿದ್ರು. ನೀವು ಅವತ್ತು ಅವರ ಮುಂದೆ ಅತ್ರಂತೆ. 'ಕೆಲಸದಿಂದ ತೆಗೀಬೇಡಿ, ಶಾಫ್ಟಿಂದ ಮಾತ್ರ ತೆಗೀರಿ' ಅಂದ್ರಂತೆ."

ಅವಳು ಕಣ್ಣು ತಪ್ಪಿಸಿದಳು. "ತೆಗೆದ್ರಾ?"

"ಇಲ್ಲ. ವರ್ಕ್‌ಶಾಪಲ್ಲಿ ಲಿಫ್ಟಿನ ಕಂಟ್ರೋಲ್ ಬಾಕ್ಸ್ ಜೋಡಿಸ್ತಿದೀನಿ. ಮೊದಲ ವಾರ ಜೈಲು ಅನ್ನಿಸ್ತು. ಈಗ ಪರವಾಗಿಲ್ಲ." ಅವನು ಅವಳ ಬಲಕ್ಕೆ ಬಂದು ಕೂತ. ಮತ್ತೆ ಎದ್ದು ಎಡಕ್ಕೆ ಬಂದ. "ಕೇಳಿಸ್ತೀರಾ? ಈ ಸಲ ನಿಜವಾಗ್ಲೂ."

ಅವಳು ಇಯರ್‌ಫೋನಿನ ಒಂದು ತುದಿ ಅವನ ಬಲಗಿವಿಗೆ ಇಟ್ಟಳು. ಡಬ್ಬಿಯ ದೀಪ ನೋಡಿಕೊಂಡಳು. ನುಡಿಸಿದಳು.

ಅವನು ತಲೆದೂಗಲಿಲ್ಲ. ಅಲ್ಲಾಡಲೇ ಇಲ್ಲ. ಮುಗಿಸಿ ಅವಳು ಅವನತ್ತ ತಿರುಗಿದಳು.

"ಹೇಳಿ," ಅಂದಳು.

"ಎರಡು ಕಡೆ ತಪ್ಪಿತು."

"ಮೂರು," ಅಂದಳು.

ಇಬ್ಬರೂ ನಕ್ಕರು. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿತು.

"ಅವತ್ತು ಹಾಡು ಕೇಳಲಿಲ್ಲ, ನಿಜ," ಅವನು ಮೆಲ್ಲಗೆ ಅಂದ. "ಆದ್ರೆ ನುಡಿಸುವಾಗ ನಿಮ್ಮ ಮುಖ ನೋಡ್ತಿದ್ದೆ. ಚೆನ್ನಾಗಿತ್ತು ಅಂದದ್ದು ಅದಕ್ಕೆ. ಅದು ಸುಳ್ಳಲ್ಲ. ಇಪ್ಪತ್ತು ದಿನ ಕೋಪ ಮಾಡ್ಕೊಂಡ್ರೂ ಆ ಮುಖ ಮರೆಯಕ್ಕಾಗ್ಲಿಲ್ಲ. ನಿಮ್ಮನ್ನ ಬಿಟ್ಟಿರಕ್ಕೆ ಆಗಲ್ಲ ನನಗೆ."

ಅವಳು ತಂತಿಗಳ ಮೇಲೆ ಅಂಗೈ ಇಟ್ಟು ಕೂತಳು.

"ಇನ್ನು ಮೇಲೆ 'ನೀವು' ಬಿಟ್ಟು 'ನೀನು' ಅನ್ಲಾ?" ಅವನು ಕೇಳಿದ.

"ಮದುವೆಗೆ ಮುಂಚೆನೇ ಅಷ್ಟೊಂದು ಸಲಿಗೆಯಾ?" ಅಂದುಬಿಟ್ಟು ಅವಳು ನಾಲಗೆ ಕಚ್ಚಿಕೊಂಡಳು.

"ಅಂದ್ರೆ ಮದುವೆ ಅಂತೂ ಇದೆ," ಅಂದ ಅವನು.

ಅವಳ ಮುಖ ಕೆಂಪಾಯಿತು. ಗಿಟಾರನ್ನು ಪಕ್ಕಕ್ಕಿಟ್ಟಳು.

"ಅನ್ನು," ಅಂದಳು.