ಹುಳಿ ಮಜ್ಜಿಗೆಯ ಲೇಪ

ಎಂಬತ್ತಮೂರನೇ ಇಸವಿ. ಹೈದರಾಬಾದಿನಲ್ಲಿ ಕಲಿತು ಬಂದು ರಾಯಚೂರಿನಲ್ಲಿ ಬ್ಯೂಟಿ ಪಾರ್ಲರ್ ತೆರೆದ ಅನ್ನಮ್ಮನಿಗೆ, ಮಾನ್ವಿಯ ಅಕ್ಕಿ ಗಿರಣಿ ಜಂಬಣ್ಣನ ಮನೆಯಲ್ಲಿ ಮೊದಲ ದಿನವೇ ಚಹಾ ಸಿಕ್ಕಿದ್ದು ಹಿತ್ತಲಲ್ಲಿ, ಮೂಟೆ ಹೊರುವ ಹಮಾಲರ ಲೋಟದಲ್ಲಿ. "ಮಕ ತಿಕ್ಕಾಕಿ ಬಂದಾಳ, ಕುಂದರಸ್ರಿ ಅಲ್ಲೇ" ಎಂದು ಜಂಬಣ್ಣನ ಹೆಂಡತಿ ಶಿವಬಸಮ್ಮ ಬಾಗಿಲಲ್ಲಿ ನಿಂತೇ ಹೇಳಿದ್ದಳು. ಅನ್ನಮ್ಮನಿಗೆ ಮೈ ಉರಿದುಹೋಯಿತು. ಆಗಲೇ ಅವಳ ಕಣ್ಣು ಶಿವಬಸಮ್ಮನ ಕೊರಳಿನ, ಬಂಗಾರದ ಬಿಲ್ಲೆಗಳನ್ನು ಪೋಣಿಸಿದ ಪುತಳಿ ಸರದ ಮೇಲೆ, ಅದರ ನವಿಲು ಪದಕದ ಮೇಲೆ ಬಿತ್ತು.

ಎಂಥ ಹೆಂಗಸು! ಹೊಟ್ಟಿನ ಧೂಳು ಕೂತು ಒರಟಾದ ಮುಖಕ್ಕೆ ಸಿನಿಮಾ ನಟಿಯ ಕಾಂತಿ ಬೇಕಂತೆ. ಅನ್ನಮ್ಮನ ಲೇಪದಲ್ಲಿದ್ದದ್ದು ಹುಳಿ ಮಜ್ಜಿಗೆಯ ತಿಳಿ, ಕಬ್ಬಿನ ಹಾಲು, ಒಂದಿಷ್ಟು ಜೇನು. ಅದರ ಸೌಮ್ಯ ಆಮ್ಲ ಸತ್ತ ಚರ್ಮವನ್ನು ಮೆಲ್ಲಗೆ ಬಿಡಿಸುತ್ತದೆ. ತೊಳೆದು ಲೋಳೆಸರ, ಗ್ಲಿಸರಿನ್ ಹಚ್ಚಿದರೆ ಮುಖ ನೀರು ಕುಡಿದು ಮೆತ್ತಗಾಗುತ್ತದೆ. ಮಜ್ಜಿಗೆ ಎಂದರೆ ಸಾಹುಕಾರ್ತಿ ಮೂಗು ಮುರಿದಾಳೆಂದು ಅನ್ನಮ್ಮ ಅದಕ್ಕೆ "ಹೈದರಾಬಾದ್ ಆಸಿಡ್" ಎಂದು ಹೆಸರಿಟ್ಟಿದ್ದಳು.

"ಚುರ್ ಅಂತದಲ್ಲ ಬೇ!"

"ಅನ್ಲಿ ಬಿಡ್ರೀ ಯವ್ವಾ, ಸತ್ತ ಚರ್ಮ ಬಿಡಾಕತ್ತದ. ಕಣ್ಣು ತೆರೀಬ್ಯಾಡ್ರಿ. ಬಂಗಾರ ತಗದಿಡ್ರಿ, ಆಸಿಡ್ ತಾಗಿದ್ರ ಕಪ್ಪಾಗ್ತದ."

ಮಜ್ಜಿಗೆಯಿಂದ ಬಂಗಾರಕ್ಕೆ ಏನೂ ಆಗುವುದಿಲ್ಲ. ಆದರೂ ಆ ಪೆದ್ದಿ ಸರ ಬಿಚ್ಚಿ ಬಟ್ಟಲಿಗೆ ಹಾಕಿದಳು. ಅವಳ ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿ, ಅನ್ನಮ್ಮ ಕಡಲೆಹಿಟ್ಟಿನ ಮುದ್ದೆಗೆ ಪದಕವನ್ನೂ ಒಂದು ಪುತಳಿ ಬಿಲ್ಲೆಯನ್ನೂ ಒತ್ತಿ ಅಚ್ಚು ತೆಗೆದುಕೊಂಡಳು.

ನಕಲಿ ಸರವನ್ನು ಎಲ್ಲಿ ಮಾಡಿಸಬೇಕು ಎನ್ನುವುದರಲ್ಲೇ ಇತ್ತು ಜಾಣತನ. ಮಾನ್ವಿಯಲ್ಲಿ ಆ ಸರವನ್ನು ನೋಡದವರಿಲ್ಲ. ರಾಯಚೂರಿನ ಅಕ್ಕಸಾಲಿಗರು ಗಿರಣಿ ಮಾಲೀಕರ ಮನೆಗಳಿಗೆ ಹೋಗಿ ಬರುವವರು. ಹಾಗಾಗಿ ಅವಳು ದೇವದುರ್ಗದ ಬಸ್ಸು ಹತ್ತಿದಳು. ಅಲ್ಲಿನ ಮುದುಕ ಅಕ್ಕಸಾಲಿ ಕನಕರಾಯ ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದ.

"ನಾಟಕ ಕಂಪನಿ ರಾಣಿ ಪಾತ್ರಕ್ಕರೀ," ಎಂದಳು ಅನ್ನಮ್ಮ.

"ಹಿತ್ತಾಳಿಗೆ ಬಂಗಾರದ ನೀರು ಕುಡಿಸಿ ಕೊಡ್ತೀನಿ ಬಿಡವ್ವಾ," ಎಂದನೇ ಹೊರತು ಅವನು ಮತ್ತೇನೂ ಕೇಳಲಿಲ್ಲ. ಗಮಾರ ಮುದುಕ, ಎಂದುಕೊಂಡು ಅವಳು ನಕ್ಕಳು.

ಮುಂದಿನ ಸಲ ಮಾನ್ವಿಗೆ ಬಂದಾಗಲೂ ಎಲ್ಲ ಹಿಂದಿನಂತೆಯೇ ನಡೆಯಿತು. ಲೇಪ, ಒದ್ದೆ ಬಟ್ಟೆ, ಬಟ್ಟಲಿಗೆ ಬಿದ್ದ ಸರ. ನಕಲಿ ಬಟ್ಟಲಿಗೆ ಹೋಯಿತು, ಅಸಲಿ ಅವಳ ಚೀಲ ಸೇರಿತು. ಎಳೆ ಚರ್ಮಕ್ಕೆ ಬಿಸಿಲು ಆಗದೆಂದು ಹೆದರಿಸಿದರೆ ಸಾಹುಕಾರ್ತಿ ಸರ ಹಾಕಿಕೊಂಡು ಹೊಸ್ತಿಲು ದಾಟುವುದಿಲ್ಲ. ಅಷ್ಟರಲ್ಲಿ ಅನ್ನಮ್ಮ ಹೈದರಾಬಾದಿನಲ್ಲಿ, ಗೋಡೆ ತುಂಬ ಕನ್ನಡಿಯಿರುವ ತನ್ನದೇ ಅಂಗಡಿಯಲ್ಲಿ ಇರುತ್ತಾಳೆ. ಇಂಥ ಮಂದಿಯ ಮುಖ ಮತ್ತೆ ನೋಡಬೇಕಾಗಿಲ್ಲ.

ಅವಳು ಚೀಲದ ಬಾಯಿ ಬಿಗಿದಳು. ಶಿವಬಸಮ್ಮ ಮಾತ್ರ ಕಣ್ಣಿನ ಬಟ್ಟೆ ತೆಗೆಯಲಿಲ್ಲ, ಮಲಗಿದಲ್ಲಿಂದ ಅಲುಗಲೂ ಇಲ್ಲ. "ಮುಗೀತೇನ್ ಬೇ? ಪಡಸಾಲ್ಯಾಗ ಪೊಲೀಸ್ ಫೌಜದಾರ್ರು ಕುಂತಾರ, ಚೀಲ ಅವರ ಕೈಯಾಗ ಕೊಡು," ಎಂದಳು, ಮುಖದ ಲೇಪ ಬಿರಿಯದಂತೆ ತುಟಿಯನ್ನಷ್ಟೇ ಆಡಿಸುತ್ತ. "ನಾ ಮಾನ್ವಿ ಸೊಸಿ ಖರೆ, ತವರು ಮಾತ್ರ ದೇವದುರ್ಗ. ಹೆಣ್ಣಮಕ್ಕಳ ಮದಿವಿ ಬಂಗಾರ ತವರಮನಿ ಅಕ್ಕಸಾಲಿನ ಮಾಡ್ತಾನ, ಅಷ್ಟೂ ಗೊತ್ತಿಲ್ಲೇನ್ ನಿನಗ? ಆ ನವಿಲು ಮಾಡಿದಾವ ಅದೇ ಕನಕರಾಯ."