ಅಳ್ಳು, ಬೆಲ್ಲ ಮತ್ತು ಬಾಯಿಕುಕ್ಕಿ

“ಲಗಮೀ! ಏ ಲಗಮವ್ವಾ! ಬಾ ಇಲ್ಲಿ. ನಿನ್ನ ಸಾಹೇಬರು ಹಾಸಿಗಿ ಹೆಂಗ ಹಾಸ್ಯಾರ ನೋಡ್ಬಾ!”

ಆಯಿಯ ಕೂಗು ಕೇಳಿ ಲಗಮವ್ವ ಬರೆಯುತ್ತಿದ್ದ ಪಾಟಿಯನ್ನು ಕಟ್ಟೆಯ ಮೇಲೆಯೇ ಬಿಟ್ಟು ಒಳಗೆ ಓಡಿದಳು. ಎತ್ತು ಕಟ್ಟುವ ಜಾಗದ ಮೂಲೆಯಲ್ಲಿ, ತೊಗರಿ ಕಟ್ಟಿಗೆಯ ತಟ್ಟಿಯೊಳಗೆ, ಎರಡು ಮೊಲಗಳು ಕರಡದ ಮೇಲೆ ಮಲಗಿದ್ದವು. ಕರಡವೆಂದರೆ ಗುಡ್ಡದಿಂದ ಕೊಯ್ದು ತಂದು ಒಣಗಿಸಿದ ಹುಲ್ಲು. ಮುಂಜಾನೆ ಲಗಮವ್ವನೇ ಎರಡು ಕೈಯಲ್ಲಿ ತಬ್ಬಿ ತಂದು ಹಾಕಿದ್ದಳು. ಮೊಲಗಳು ಮೇಲಿನ ಒಂದಿಷ್ಟು ಎಳೆ ತಿಂದಿದ್ದವು. ಉಳಿದದ್ದನ್ನು ಹರಡಿ, ತುಳಿದು, ತೋಯಿಸಿ, ಮೇಲೆ ಮೆಣಸಿನ ಕಾಳಿನಂಥ ಹಿಕ್ಕೆ ಉದುರಿಸಿ ಹಾಯಾಗಿ ಕಣ್ಣು ಮುಚ್ಚಿದ್ದವು.

ಮಕ್ಕಳ ಅಜ್ಜಿ, ಆಯಿ ಸಿದ್ದಲಿಂಗವ್ವ, ಕಸಬರಿಗೆಯ ತುದಿಯಿಂದ ಒದ್ದೆ ಹುಲ್ಲನ್ನು ಎತ್ತಿ ತೋರಿಸಿದಳು.

“ಇದನ್ನ ಇನ್ನ ಎತ್ತು ಮೂಸಿ ಸೈತ ನೋಡಂಗಿಲ್ಲ. ತಿಪ್ಪಿಗೇ ಹೋಗಬೇಕು. ಮಳಿ ಬೀಳೂತನಾ ಈ ಬಣವಿ ಬರಬೇಕಲ್ಲವ್ವ? ನಮ್ಮ ಎತ್ತಿಗೆ ಏನು ಹಾಕೂಣು, ನಿನ್ನ ಪಾಟೀನ?”

ಗೋದಲಿಯ ಹತ್ತಿರ ನಿಂತಿದ್ದ ತಮ್ಮ ದುಂಡಪ್ಪ ಕಿಸಕ್ಕನೆ ನಕ್ಕ. ಲಗಮವ್ವ ನಗಲಿಲ್ಲ.

“ಸೋಮವಾರ ನಿಮ್ಮ ಮಾಮಾ ಬರತಾನ,” ಎಂದಳು ಆಯಿ. “ಅಷ್ಟರಾಗ ಇವು ನೆಟ್ಟಗ ಮೇಯೂದು ಕಲತ್ರ ಇರ್ಲಿ. ಇಲ್ಲಂದ್ರ ತಂದಾವ ಒಯ್ಯಲಿ. ನನಗೂ ಇವು ಬ್ಯಾಡಾಗಿಲ್ಲ. ಆದ್ರ ಶಿವ ಕೊಟ್ಟದ್ದು ತುಳ್ಯಾಕಲ್ಲ.”

ಮಾಮಾ ಮುದಕಪ್ಪ ಬೆಳಗಾವಿ ಕ್ಯಾಂಪಿನಲ್ಲಿ ಒಬ್ಬ ಸಾಹೇಬರ ಬಂಗಲೆಯ ಮಾಲಿಯಾಗಿದ್ದ. ಸಾಹೇಬರು ಹಡಗು ಹತ್ತಿ ತಮ್ಮ ದೇಶಕ್ಕೆ ಹೊರಟಾಗ ಮೊಲಗಳನ್ನು ಅವನ ಕೈಗೆ ಕೊಟ್ಟರು. ಅವನು ಚಕ್ಕಡಿಯಲ್ಲಿ ಮುಗುಟಖಾನ ಹುಬ್ಬಳ್ಳಿಗೆ ತಂದು ಅಕ್ಕನ ಮಕ್ಕಳ ಮುಂದೆ ಬುಟ್ಟಿಯ ಮುಚ್ಚಳ ತೆಗೆದಾಗ ಇಡೀ ಓಣಿಯೇ ಮನೆಯೊಳಗೆ ನುಗ್ಗಿತ್ತು. ಬೆಳ್ಳಗಿದ್ದ ಮೊಲಕ್ಕೆ ಲಗಮವ್ವ ‘ಅಳ್ಳು’ ಎಂದು ಹೆಸರಿಟ್ಟಳು, ಹುರಿದರೆ ಅರಳುವ ಜೋಳದ ಅಳ್ಳಿನ ಹಾಗೇ ಇತ್ತು ಅದು. ಕಂದು ಬಣ್ಣದ್ದಕ್ಕೆ ದುಂಡಪ್ಪ ‘ಬೆಲ್ಲ’ ಎಂದ. ಈಗ ಅವೆರಡೂ ಮತ್ತೆ ಬುಟ್ಟಿ ಸೇರುವುದೆಂದರೆ?

ಆ ದಿನ ಸಂಜೆ ಲಗಮವ್ವ ಸ್ವಲ್ಪವೇ ಕರಡ ಹಾಕಿದಳು. ಮೊಲಗಳು ಸ್ವಲ್ಪದ ಮೇಲೆಯೇ ಒತ್ತೊತ್ತಾಗಿ ಕುಳಿತವು.

ಆಗ ಅವಳು ಮಾಸ್ತರರಂತೆ ಸೊಂಟದ ಮೇಲೆ ಕೈಯಿಟ್ಟಳು. “ಕರಡ ತಿನ್ನೂದು. ತುಳಿಯೂದಲ್ಲ. ಎಲ್ಲಿ, ಹೇಳ್ರಿ ನೋಡೋಣು?”

“ಅಕ್ಕಾ, ಅವಕ್ಕ ಕನ್ನಡ ತಿಳ್ಯಾಂಗಿಲ್ಲ,” ಎಂದ ದುಂಡಪ್ಪ. “ಸಾಹೇಬರ ಮೊಲ ಅವು. ಇಂಗ್ಲೀಷಿನ್ಯಾಗ ಹೇಳು.”

“ನನಗೆಲ್ಲಿ ಬರತೈತಿ ಇಂಗ್ಲೀಷು?”

“ಮಾಮಾ ಹೇಳಿಕೊಟ್ಟಾನಲ್ಲ! ಗುಡ್ ಮಾರ್ನಿಂಗ್ ಅನ್ನು.”

ಲಗಮವ್ವ ಗಂಭೀರವಾಗಿ, “ಗುಡ್ಡ ಮಾರ್ನಿಂಗ, ಅಳ್ಳು. ಕರಡದ ಮ್ಯಾಲ ಕುಂಡ್ರಬ್ಯಾಡ,” ಎಂದಳು.

ಅಳ್ಳು ಒಂದು ಕಿವಿ ಎತ್ತಿತು. ಇನ್ನೊಂದು ಕಿವಿಯನ್ನೂ ಎತ್ತಿತು. ಆಮೇಲೆ ಕರಡದ ಮೇಲೆ ಕುಳಿತಿತು.

ಊಟದ ಹೊತ್ತಿಗೆ ಲಗಮವ್ವ ಎಂದಿನಂತೆ ತಾಟಿನಲ್ಲಿ ಒಂದು ಅಗುಳೂ ಉಳಿಯದ ಹಾಗೆ ಉಂಡಳು. ತಾಟಿಗೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರನ್ನೂ ಕುಡಿದಳು. ಆ ಮನೆಯಲ್ಲಿ ಎಲ್ಲರೂ ಹಾಗೆಯೇ. ಉಣ್ಣುವುದೆಲ್ಲ ಶಿವನ ಪ್ರಸಾದ, ಪ್ರಸಾದವನ್ನು ಯಾರಾದರೂ ಚೆಲ್ಲುತ್ತಾರೆಯೇ? ದುಂಡಪ್ಪನಂಥ ದುಂಡಪ್ಪನೂ ಚೆಲ್ಲುತ್ತಿರಲಿಲ್ಲ.

ಬರಿದಾದ ತಾಟನ್ನು ನೋಡುತ್ತ ಕುಳಿತ ಲಗಮವ್ವನ ಮುಖ ಮೆಲ್ಲಗೆ ಅರಳಿತು.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಅವಳು ಓಣಿಯ ಮಠದ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಕರಡದ ಕಟ್ಟು. ಒಳಗೆ ಗಂಗಯ್ಯನವರು ಪೂಜೆ ಮುಗಿಸಿ, ಬಂದವರಿಗೆ ಕಾಯಿ, ಸಕ್ಕರೆ ಹಂಚುತ್ತಿದ್ದರು. ಗಂಗಯ್ಯನವರಿಗೆ ವಯಸ್ಸಾಗಿತ್ತು. ನಡೆಯುವುದೂ ಮಾತಾಡುವುದೂ ನಿಧಾನ.

“ಅಜ್ಜಾರ, ಇದನ್ನ ಪ್ರಸಾದ ಮಾಡಿಕೊಡ್ರಿ.”

ಗಂಗಯ್ಯನವರು ಹುಲ್ಲನ್ನೂ ಹುಡುಗಿಯನ್ನೂ ನೋಡಿದರು. ಯಾಕೆಂದು ಕೇಳಲಿಲ್ಲ, ನಗಲೂ ಇಲ್ಲ. ಕರಡವನ್ನು ದೇವರ ಮುಂದಿಟ್ಟು ಕಣ್ಣು ಮುಚ್ಚಿದರು. ಮೇಲೊಂದು ಬಿಲ್ವಪತ್ರೆ ಸಿಕ್ಕಿಸಿ, ಚಿಟಿಕೆ ವಿಭೂತಿ ಉದುರಿಸಿ ಅವಳ ಕೈಗೆ ಕೊಟ್ಟರು. “ಬಸವಣ್ಣಗೇನವ್ವ?”

“ಅಲ್ರಿ, ಅಳ್ಳುಗ. ಬೆಲ್ಲಕ್ಕೂ ಸೈತ.”

ಗಂಗಯ್ಯನವರಿಗೆ ಏನೂ ತಿಳಿಯಲಿಲ್ಲ. ಆದರೂ ತಲೆಯಾಡಿಸಿದರು.

ಮನೆಗೆ ಬಂದು ಲಗಮವ್ವ ಭಕ್ತಿಯಿಂದ ಕರಡವನ್ನು ತಟ್ಟಿಯೊಳಗೆ ಹಾಕಿ ಕೈ ಮುಗಿದು ನಿಂತಳು. ಅಳ್ಳು ಬಂದು ಬಿಲ್ವಪತ್ರೆಯನ್ನು ಕಚಕಚನೆ ತಿಂದಿತು. ಬೆಲ್ಲಕ್ಕೆ ವಿಭೂತಿ ಮೂಗಿಗೇರಿ ಸೀನು ಬಂತು. ಆಮೇಲೆ ಎರಡೂ ಕರಡವನ್ನು ಕಾಲಿನಿಂದ ಹರಡಿ, ಮೇಲೆ ಹತ್ತಿ ಕುಳಿತು...

“ಅಯ್ಯೋ ಶಿವನ!” ಲಗಮವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಆಯೀ! ಅಳ್ಳು ಪ್ರಸಾದದ ಮ್ಯಾಲ ಉಚ್ಚಿ ಹೊ...” ದುಂಡಪ್ಪ ಕೂಗುತ್ತಿದ್ದಂತೆಯೇ ಅವಳು ಆ ಬಾಯಿಯನ್ನೂ ಮುಚ್ಚಿದಳು. ಉಳಿದ ಮಾತು ಬಾಯೊಳಗೇ ಉಳಿಯಿತು. ಹಿತ್ತಲಲ್ಲಿದ್ದ ಆಯಿಗೆ ಕೇಳಲಿಲ್ಲ.

ಶಾಲೆಯಲ್ಲಿ ಆ ದಿನ ಲಗಮವ್ವ ಕಲಿತದ್ದು ಏನೂ ಇಲ್ಲ. ಮೊದಲು ಬರೀ ಹುಲ್ಲು ಹಾಳಾಗುತ್ತಿತ್ತು. ಈಗ ಪ್ರಸಾದವೇ ಹಾಳಾಯಿತು! ಶಾಲೆ ಬಿಟ್ಟವಳೇ ನೇರವಾಗಿ ಮಠಕ್ಕೆ ಹೋದಳು. ಗಂಗಯ್ಯನವರು ಬಾವಿಯ ಕಟ್ಟೆಯ ಮೇಲೆ ಕುಳಿತು ಹೂವಿನ ಗಿಡಕ್ಕೆ ನೀರು ಹನಿಸುತ್ತಿದ್ದರು.

“ಅಜ್ಜಾರ, ನನಗ ಪಾಪ ಬಂತ್ರಿ,” ಎಂದಳು. ಹೇಳುತ್ತ ಹೇಳುತ್ತ ಕಣ್ಣೀರೂ ಬಂತು, ಅಳ್ಳು ಬೆಲ್ಲದ ಕತೆಯೆಲ್ಲ ಬಂತು, ಬುಟ್ಟಿ ತರುವ ಸೋಮವಾರವೂ ಬಂತು.

ಬೆಲ್ಲ ಸೀನಿದ್ದನ್ನು ಕೇಳಿ ಗಂಗಯ್ಯನವರ ಹೊಟ್ಟೆ ಅಲುಗಾಡಿತು. ನಗೆಯನ್ನು ಹಾಗೂ ಹೀಗೂ ತಡೆದುಕೊಂಡರು.

“ಪಾಪ ಗೀಪ ಏನಿಲ್ಲ ಬಿಡವ್ವ. ಮೊಲ ಮಾಡಿದ್ದು ಮೊಲದ ಕೆಲಸ. ಅದಿರ್ಲಿ, ಪ್ರಸಾದ ಹೆಂಗ ಕೊಟ್ಟಿ ಅವಕ್ಕ?”

“ನೆಲದ ಮ್ಯಾಲ ಹಾಕಿದೆನ್ರಿ.”

“ನಾ ನಿನಗ ಹೆಂಗ ಕೊಡತೇನಿ?”

ಲಗಮವ್ವ ಎಡಗೈ ಮೇಲೆ ಬಲಗೈ ಇಟ್ಟು ಚಾಚಿ ತೋರಿಸಿದಳು.

“ಹೌದಲ್ಲ? ನೆಲಕ್ಕ ಚೆಲ್ಲಿ, ತಗೋ ಅಂದ್ರ ನೀನರ ಉಂತೀಯೇನು?”

“ಇಲ್ರಿ...” ಅವಳು ಮೂಗು ಒರೆಸಿಕೊಂಡಳು. “ಆದ್ರ ಅವಕ್ಕ ಕೈ ಎಲ್ಲಿ ಅದಾವ್ರಿ ಅಜ್ಜಾರ?”

“ನಿನಗ ಅದಾವಲ್ಲ,” ಎಂದು ಗಂಗಯ್ಯನವರು ಮತ್ತೆ ಗಿಡದ ಕಡೆಗೆ ತಿರುಗಿದರು.

ಲಗಮವ್ವ ಒಂದೇ ಉಸಿರಿಗೆ ಮನೆಗೆ ಓಡಿದಳು. ಹಿಡಿ ಕರಡ ತೆಗೆದುಕೊಂಡು ತಟ್ಟಿಯ ಮೇಲಿಂದ ಕೈ ಇಳಿಬಿಟ್ಟು ಹಿಡಿದಳು. ಅಳ್ಳು ಮೂಗು ಅಲುಗಿಸುತ್ತ ಬಂದು, ಹಿಂಗಾಲ ಮೇಲೆ ಎದ್ದು ನಿಂತು, ಒಂದು ಎಳೆ ಎಳೆದುಕೊಂಡಿತು. ಕುರುಕುರು ಸದ್ದಾಯಿತು. ಆ ಎಳೆ ಮುಗಿದ ಮೇಲೆ ಇನ್ನೊಂದು. ಬೆಲ್ಲವೂ ಬಂತು. ಹಿಡಿ ಖಾಲಿಯಾದರೂ ನೆಲದ ಮೇಲೆ ಬಿದ್ದದ್ದು ಏನೂ ಇಲ್ಲ!

“ತಿನ್ನಾಕ ಹತ್ಯಾವ! ದುಂಡೂ, ನೋಡ್ಬಾರೋ!”

ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಮೊಲಗಳು ತಿನ್ನುತ್ತಲೇ ಇದ್ದವು. ಲಗಮವ್ವನ ರಟ್ಟೆ ನೋಯತೊಡಗಿತು. ದುಂಡಪ್ಪ ಸ್ವಲ್ಪ ಹೊತ್ತು ಹಿಡಿದು, “ನನಗ ಲಗೋರಿ ಆಡಾಕ ಹೋಗೂದೈತಿ,” ಎಂದು ಓಡಿಹೋದ. ಇಡೀ ದಿನ ಹೀಗೇ ನಿಂತರೆ ಶಾಲೆ? ಊಟ?

ಸೋಲದೆ ಬಿಡದೆ ಹಿಡಿದು ನಿಲ್ಲುವ ಕೈಯೊಂದು ಬೇಕು. ಲಗಮವ್ವ ಸುತ್ತಲೂ ಕಣ್ಣಾಡಿಸಿದಳು. ಗೋಡೆಯ ಗೂಟದಲ್ಲಿ ನೊಗದ ಹಗ್ಗ, ಬಾರುಕೋಲು, ಅವುಗಳ ನಡುವೆ ಪುಂಡಿ ನಾರಿನಿಂದ ಬಲೆಯ ಹಾಗೆ ಹೆಣೆದ ಬಾಯಿಕುಕ್ಕಿ. ಸಾಲುಗಳ ನಡುವಿನ ಕಳೆ ತೆಗೆಯಲು ಎಡೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಿರಲೆಂದು ಅದರ ಮೂತಿಗೆ ಕಟ್ಟುವಂಥದ್ದು. ಹೊಲದಲ್ಲಿ ಪೈರಿಲ್ಲದ ಬೇಸಿಗೆಯಲ್ಲಿ ಅದಕ್ಕೇನೂ ಕೆಲಸವಿರಲಿಲ್ಲ.

ಅವಳು ಕುಕ್ಕಿಯನ್ನು ಇಳಿಸಿ, ಧೂಳು ಕೊಡವಿ, ಅದರ ತುಂಬ ಕರಡ ತುರುಕಿ ತಟ್ಟಿಗೆ ಕಟ್ಟಿದಳು. ಲಗೋರಿ ಮುಗಿಸಿ ಬಂದ ದುಂಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಕ್ಕಾ, ನಿನಗ ತಲಿ ಕೆಟ್ಟೈತಿ! ಬಾಯಿಕುಕ್ಕಿ ಹಾಕೂದು ತಿನಬಾರದಂತ!”

“ಸುಮ್ಮನ ನೋಡಲೇ.”

ಮೊದಲು ಕುಕ್ಕಿ ಎತ್ತರವಾಯಿತು. ಬೆಲ್ಲ ಜಿಗಿದು ಜಿಗಿದು ಸೋತಿತು. ಕೆಳಗೆ ಇಳಿಸಿದರೆ ಅಳ್ಳು ಅದರ ಮೇಲೆಯೇ ಹತ್ತಿ ಕುಳಿತಿತು, ರಾಣಿಯ ಹಾಗೆ. ಮೂರನೇ ಸಲ, ಮೊಲ ಎದ್ದು ನಿಂತರೆ ಮೂಗು ತಾಗುವಷ್ಟು ಎತ್ತರಕ್ಕೆ ಕಟ್ಟಿದಳು. ಬಲೆಯ ಕಂಡಿಯಿಂದ ಇಣುಕುತ್ತಿದ್ದ ಎಳೆಯನ್ನು ಅಳ್ಳು ಕಚ್ಚಿ ಎಳೆಯಿತು. ಒಂದೇ ಎಳೆ. ಹೆಚ್ಚು ಬೇಕೆಂದರೆ ಕುಕ್ಕಿ ಬಿಡದು. ಕುರುಕುರು. ಆಮೇಲೆ ಇನ್ನೊಂದು.

ಹಿಂದೆ ಬಳೆಯ ಸದ್ದಾಯಿತು. ಆಯಿ! ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಿರುಗಿ ಒಳಗೆ ಹೋದಳು. ಆಯಿ ಒಂದು ಹಳೆಯ ಮೊರ ಹಿಡಿದು ಬಂದು, ಕುಕ್ಕಿಯ ಕೆಳಗೆ ಅದನ್ನು ಸರಿಸಿದಳು.

“ಹುಡಿ ಇದರಾಗ ಬೀಳಲಿ. ಆರಿಸಿ ಮತ್ತ ಕುಕ್ಕಿಗೆ ಹಾಕಾಕ ಬರತೈತಿ,” ಎಂದಳು. ಆಮೇಲೆ ಬಾಗಿಲಲ್ಲಿ ನಿಂತು, “ಎಡಿ ಹೊಡ್ಯಾಕ ಬೇರೆ ಕುಕ್ಕಿ ಹೆಣೀಬೇಕಲ್ಲ ಈಗ,” ಎಂದು ತನ್ನಷ್ಟಕ್ಕೇ ಗೊಣಗಿದಳು. ಗೊಣಗುವಾಗ ಅವಳ ಮುಖದಲ್ಲಿ ನಗುವಿತ್ತು.

ಸೋಮವಾರ ಮಾಮಾ ಬಂದ. ಕೈಯಲ್ಲಿ ಬುಟ್ಟಿ.

“ಬುಟ್ಟಿ ತಂದೀಯೇನು ಮುದಕಪ್ಪಾ? ಛಲೋ ಆತು ಕೊಡು,” ಎಂದಳು ಆಯಿ. “ಸಗಣಿ ಹೊರೂ ಬುಟ್ಟಿ ಹರಿದಿತ್ತು.”

ದುಂಡಪ್ಪ ಮಾಮಾನನ್ನು ಕೈ ಹಿಡಿದು ಮೂಲೆಗೆ ಎಳೆದೊಯ್ದ. ಮಾಮಾ ಕುಕ್ಕಿಯನ್ನು ನೋಡಿ, ಮೊಲಗಳನ್ನು ನೋಡಿ, “ಗುಡ್ ಮಾರ್ನಿಂಗ್!” ಎಂದು ಅವಕ್ಕೆ ಸಲಾಮು ಹೊಡೆದ. ಮನೆಯೆಲ್ಲ ನಕ್ಕಿತು.

ಎಲ್ಲರೂ ಊಟಕ್ಕೆ ಕುಳಿತರು. ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆಯಿ ಬಿಸಿ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ, ಬಾಗಿ, ಲಗಮವ್ವನ ಅಂಗೈ ಮೇಲೆ ಇಟ್ಟಳು. ಅನ್ನ ತಾಟಿಗಾದರೂ ರೊಟ್ಟಿಯನ್ನು ದಿನವೂ ಹಾಗೆಯೇ ಕೈಗೆ ಇಡುತ್ತಿದ್ದಳು, ಮೊಣಕಾಲು ನೋಯುವ ದಿನವೂ. ಅದು ಮುಗಿದ ಮೇಲೆ ಇನ್ನೊಂದು ತರುತ್ತಿದ್ದಳು.

ಲಗಮವ್ವ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದಳು. ಆಯಿಯ ಬಾಗಿದ ಬೆನ್ನನ್ನು ನೋಡಿದಳು.

“ಯಾಕ, ಉಪ್ಪು ಕಡಿಮಿ ಆತೇನ?”

“ಇಲ್ಲ ಆಯಿ.”

ಮೂಲೆಯಿಂದ ಕುರುಕುರು ಸದ್ದು ಕೇಳಿಸಿತು. ಲಗಮವ್ವ ಪ್ರಸಾದ ತೆಗೆದುಕೊಳ್ಳುವಂತೆ ಇನ್ನೊಂದು ಕೈಯನ್ನೂ ರೊಟ್ಟಿಯ ಕೆಳಗೆ ಹಿಡಿದು, ಆಮೇಲೆ ಮೆಲ್ಲಗೆ ಒಂದು ತುತ್ತು ಮುರಿದಳು.